ಹೆಪ್ಪು ಹಿಡಿಯದ ಹಾಲು

ನನ್ನ ಕೈಗುಣ ಸರಿಯಿಲ್ಲ ಎಂದು ಮೊದಲು ಹೇಳಿದವರು ನನ್ನ ಅತ್ತೆ ಸರ್ವಮಂಗಳಮ್ಮ. ಎರಡನೆಯವರು ಎದುರು ಮನೆಯ ಸಿದ್ದಗಂಗಮ್ಮ. ಮೂರನೆಯವರು ಯಾರೆಂದು ನನಗೆ ಗೊತ್ತಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಗುಬ್ಬಿಯ ನಮ್ಮ ಬೀದಿಯೆಲ್ಲ ಅದನ್ನೇ ಹೇಳುತ್ತಿತ್ತು. ಇದು ಎಂಬತ್ತಮೂರನೇ ಇಸವಿಯ ಮಾತು. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಉರಿಯಲಿ ಬಿಡಿ, ಅದನ್ನು ಆರಿಸುವ ಆಸೆ ನನಗೇನೂ ಇಲ್ಲ.

ಆ ಮನೆಯ ಪದ್ಧತಿ ಏನೆಂದರೆ, ಹೊಸ ಸೊಸೆ ಹೊಸ್ತಿಲು ದಾಟಿ ಬಂದ ದಿನವೇ ಅತ್ತೆ ಅವಳ ಕೈಗೆ ಹೆಪ್ಪಿನ ಬಟ್ಟಲು ಕೊಡುತ್ತಾರೆ. ಬಟ್ಟಲಲ್ಲಿರುವುದು ಹಿಂದಿನ ದಿನದ ಮೊಸರು, ಒಂದು ಚಮಚದಷ್ಟು. ಆದರೆ ಅದು ಅತ್ತೆಯ ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪದೆ ನಡೆದು ಬಂದ ಹೆಪ್ಪಂತೆ. ಅವತ್ತಿನಿಂದ ಮನೆಯ ಮೊಸರಿಗೆ ಸೊಸೆಯೇ ಜವಾಬ್ದಾರಿ. ಪ್ರತಿ ಸೋಮವಾರ ಮಠದ ದಾಸೋಹಕ್ಕೆ ಆ ಮನೆಯಿಂದ ಒಂದು ಗಡಿಗೆ ಮೊಸರು ಹೋಗಬೇಕು. ಬೀದಿಯಲ್ಲಿ ಯಾರನ್ನು ಕೇಳಿದರೂ ನಮ್ಮದು ಮೊಸರಿನ ಮನೆ ಎಂದೇ ತೋರಿಸುತ್ತಿದ್ದರು.

ಮೊದಲ ನಾಲ್ಕು ತಿಂಗಳು ನನ್ನ ಮೊಸರು ಎಷ್ಟು ಚೆನ್ನಾಗಿ ಬಂತೆಂದರೆ ಅತ್ತೆ ಮನೆಗೆ ಬಂದವರಿಗೆಲ್ಲ ಗಡಿಗೆ ಓರೆ ಮಾಡಿ ತೋರಿಸುತ್ತಿದ್ದರು. ಆಮೇಲೆ ಮಾವ ಮಹಾಲಿಂಗಯ್ಯನವರು ಒಂದು ಸೀಮೆಹಸು ತಂದು ಕಟ್ಟಿ ಗೌರಿ ಎಂದು ಹೆಸರಿಟ್ಟರು. ಎರಡು ಹೊತ್ತಿಗೆ ಹನ್ನೆರಡು ಲೀಟರ್ ಹಾಲು. ಮಾವನವರ ಸಂಭ್ರಮ ನೋಡಬೇಕಿತ್ತು! ಎರಡು ತಿಂಗಳಿಗೆ ಗೌರಿಯ ಕೆಚ್ಚಲು ಬಾತುಕೊಂಡಿತು. ಅದೇ ವಾರ ನನ್ನ ಮೊಸರು ಕೆಟ್ಟಿತು. ಎರಡೂ ಒಂದೇ ವಾರದಲ್ಲಿ ಆದವಲ್ಲ ಎಂದು ಆ ಮನೆಯಲ್ಲಿ ಯಾರಾದರೂ ಯೋಚಿಸಿದರೇ? ಸೊಸೆ ಕೈಗೆ ಸಿಕ್ಕಿರುವಾಗ ಯೋಚನೆ ಯಾರಿಗೆ ಬೇಕು.

ಬೆಳಿಗ್ಗೆ ಮುಚ್ಚಳ ತೆಗೆದರೆ ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಹಾಲಾಗಿಯೇ ಇತ್ತು.

"ಏನೇ ಇದು? ಹೆಪ್ಪು ಹಾಕಿದ್ಯೋ ಇಲ್ವೋ?" ಎಂದರು ಅತ್ತೆ.

"ಹಾಕಿದ್ದೆ ಅತ್ತೆ."

"ಹಾಕಿದ್ರೆ ಹಿಂಗಿರ್ತಿತ್ತಾ? ಯಾವ ಲೋಕದಲ್ಲಿದ್ದೆ?"

ಮಾರನೆಯ ದಿನ ತಾವೇ ಹೆಪ್ಪು ಹಾಕಿದರು. ಅದೂ ಹಿಡಿಯಲಿಲ್ಲ. ಆಗಲಾದರೂ ನನ್ನನ್ನು ಬಿಡಬೇಕೋ ಬೇಡವೋ? "ಪಾತ್ರೆ ತೊಳ್ದಿದ್ದು ಅವಳೇ ಅಲ್ವಾ," ಎಂದರು. ಮೂರನೆಯ ದಿನ ಹೆಪ್ಪಿಗೆಂದು ಎತ್ತಿಡಲು ಮನೆಯಲ್ಲಿ ಮೊಸರೇ ಉಳಿದಿರಲಿಲ್ಲ. ತಲೆಮಾರುಗಳ ಹೆಪ್ಪು ಸತ್ತುಹೋಯಿತು. ಮೊಸರಿನ ಮನೆಯ ಯಜಮಾನಿ ಬಟ್ಟಲು ಹಿಡಿದುಕೊಂಡು ಎದುರು ಮನೆಯ ಸಿದ್ದಗಂಗಮ್ಮನ ಹತ್ತಿರ ಹೆಪ್ಪು ಕೇಳಲು ಹೋದರು. ಆ ಅವಮಾನವನ್ನು ಅವರು ನನ್ನ ತಲೆಗೇ ಕಟ್ಟಿದರು. ಆ ಸೋಮವಾರ ಮಠಕ್ಕೆ ಹೋದದ್ದೂ ಸಿದ್ದಗಂಗಮ್ಮನ ಮನೆಯ ಮೊಸರೇ.

ಒಂದು ವಾರದ ನಂತರ ಮೊಸರು ತಾನಾಗಿ ಸರಿಹೋಯಿತು. ಮೂರು ವಾರ ಬಿಟ್ಟು ಮತ್ತೆ ಕೆಟ್ಟಿತು. ಮತ್ತೆ ಸರಿಹೋಯಿತು, ಮತ್ತೆ ಕೆಟ್ಟಿತು. ಈ ನಡುವೆ ಶಿವರಾತ್ರಿಗೆ ಹೆಬ್ಬೂರಿಗೆ, ನನ್ನ ತವರಿಗೆ ಹೋಗಿ ಎಂಟು ದಿನ ಇದ್ದು ಬಂದೆ. ಅದೇ ನಾನು ಮಾಡಿದ ತಪ್ಪು. ಆ ಎಂಟು ದಿನವೂ ಈ ಮನೆಯಲ್ಲಿ ಮೊಸರು ಗಟ್ಟಿಯಾಗಿ ಬಂದಿತ್ತಂತೆ. ನಾನು ವಾಪಸು ಬಂದ ಮೂರನೇ ದಿನಕ್ಕೆ ಮತ್ತೆ ಹಾಲು ಹಾಲಾಗಿಯೇ ಉಳಿಯಿತು. ಇನ್ನೇನು ಬೇಕು? ಅತ್ತೆ ಜಗಲಿಯಲ್ಲಿ ನಿಂತು ಬೀದಿಗೇ ಕೇಳುವ ಹಾಗೆ ಹೇಳಿದರು:

"ಎಂಟು ದಿನ ಇವ್ಳಿರ್ಲಿಲ್ಲ, ಮೊಸ್ರು ಕಲ್ಲಿದ್ದಂಗಿತ್ತು. ಬಂದ್ಲು, ಹೋಯ್ತು. ಇನ್ನೇನ್ ಹೇಳ್ಬೇಕು ನಾನು?"

ನನ್ನ ಗಂಡ ಸದಾಶಿವಯ್ಯ ತುಮಕೂರಿನ ಒಂದು ಆಫೀಸಿನಲ್ಲಿ ಗುಮಾಸ್ತ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಏಳಕ್ಕೆ ಬರುತ್ತಿದ್ದರು. ಆಫೀಸಿನಲ್ಲಿ ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಅಭ್ಯಾಸವನ್ನು ಮನೆಗೂ ತಂದಿದ್ದರು.

"ಅಮ್ಮ ಹೇಳೋದ್ರಲ್ಲೂ ಏನೋ ಇರ್ಬೋದು ಕಣೇ. ಸ್ವಲ್ಪ ದಿನ ಹೆಬ್ಬೂರಲ್ಲಿ ಇದ್ದು ಬಾ," ಎಂದರು.

"ಸ್ವಲ್ಪ ದಿನ ಅಂದ್ರೆ ಎಷ್ಟು ದಿನ ರೀ?"

"ಅಮ್ಮ ಕರೆಸೋವರ್ಗೂ."

ಬಂದು ಮಗಳನ್ನು ಕರೆದುಕೊಂಡು ಹೋಗಿ ಎಂದು ನನ್ನ ಅಪ್ಪನಿಗೆ ಕಾಗದ ಹೋಯಿತು. ಬರುವ ಭಾನುವಾರದ ಮುಂದಿನ ಭಾನುವಾರ ಎಂದು ದಿನವನ್ನೂ ಬರೆದಿದ್ದರು. ನನಗೆ ಮದುವೆಯಾಗಿ ಒಂಬತ್ತು ತಿಂಗಳಾಗಿತ್ತು. ತವರಿನಲ್ಲಿ ಮದುವೆಗಿರುವ ತಂಗಿಯರು ಇಬ್ಬರು. ಕೈಗುಣ ಸರಿಯಿಲ್ಲ ಎಂದು ಅಕ್ಕನನ್ನು ವಾಪಸು ಕಳಿಸಿದ ಮನೆಯಿಂದ ಯಾರು ಹೆಣ್ಣು ತರುತ್ತಾರೆ ಹೇಳಿ? ನಾನು ಒಂದು ಹೊತ್ತು ಅಳುತ್ತ ಕೂತೆ. ಆಮೇಲೆ ಅಳು ನಿಂತು ಸಿಟ್ಟು ಬಂತು, ಮತ್ತೆ ಹೋಗಲೇ ಇಲ್ಲ.

ಮಾರನೆಯ ದಿನ ಸಗಣಿ ಹಾಕಲು ತಿಪ್ಪೆಗೆ ಹೋದಾಗ ಕಾಲಿಗೆ ಏನೋ ತಗುಲಿತು. ನೋಡಿದರೆ ಉದ್ದ ಮೂತಿಯ ಪ್ಲಾಸ್ಟಿಕ್ ಟ್ಯೂಬು. ಹಸುವಿನ ಮೊಲೆಯೊಳಗೆ ಔಷಧಿ ಬಿಡುವಂಥದ್ದು. ಕೆದಕಿದೆ, ಇನ್ನೂ ಸಿಕ್ಕವು. ಹಳೆಯವು ಅಡಿಯಲ್ಲಿ, ಹೊಸವು ಮೇಲೆ. ಮಾವನವರು ಗೌರಿಯ ಕೆಚ್ಚಲು ಬಾತಾಗಲೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಸ್ಟೋರಿನಿಂದ ಟ್ಯೂಬು ತಂದು ತಾವೇ ಬಿಡುತ್ತಿದ್ದರು, ಬಾವು ಇಳಿದ ತಕ್ಷಣ ನಿಲ್ಲಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ. ತಿಪ್ಪೆಯ ಪಕ್ಕದಲ್ಲೇ ನಿಂತು ಬೆರಳು ಮಡಿಸಿ ಲೆಕ್ಕ ಹಾಕಿದೆ. ಟ್ಯೂಬು ಬಿಟ್ಟ ದಿನ ಮೊಸರು ಕೆಟ್ಟಿದೆ. ಟ್ಯೂಬು ನಿಲ್ಲಿಸಿದ ನಾಲ್ಕೈದು ದಿನಕ್ಕೆ ಸರಿಹೋಗಿದೆ. ನಾನು ಹೆಬ್ಬೂರಿನಲ್ಲಿದ್ದ ಎಂಟು ದಿನ ಹಸು ಆರೋಗ್ಯವಾಗಿತ್ತು. ಟ್ಯೂಬು ಯಾವುದೂ ಬಿದ್ದಿರಲಿಲ್ಲ.

ಒಂದು ಖಾಲಿ ಡಬ್ಬಿಯೂ ಸಿಕ್ಕಿತು. ಅದರ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ಸೀರೆ ಸೆರಗಿನಲ್ಲಿ ಒರೆಸಿ ಅಕ್ಷರ ಕೂಡಿಸಿಕೊಂಡು ಓದಿದೆ. ಔಷಧಿ ಹಾಕುವ ದಿನಗಳಲ್ಲೂ ಅದಾದ ಮೂರು ದಿನವೂ ಆ ಹಾಲನ್ನು ಮನುಷ್ಯರು ಬಳಸಬಾರದು ಎಂದು ಬರೆದಿತ್ತು. ನಾವು ಅದನ್ನು ಕುಡಿಯುತ್ತಿದ್ದೆವು. ಮನೆಗೆ ಬಂದವರಿಗೂ ಕೊಡುತ್ತಿದ್ದೆವು.

ರಾಗಿ ಹಿಟ್ಟು ಮಾಡಿಸುತ್ತೇನೆಂದು ಹೇಳಿ, ರಾಗಿ ಪುಟ್ಟಿಯಲ್ಲಿ ಒಂದು ಬಾಟಲಿ ಗೌರಿಯ ಹಾಲು ಮುಚ್ಚಿಟ್ಟುಕೊಂಡು ದನದ ಆಸ್ಪತ್ರೆಗೆ ಹೋದೆ. ಡಾಕ್ಟರು ಸುಬ್ಬಕೃಷ್ಣ ಎಂದು, ಇನ್ನೂ ಮೂವತ್ತು ದಾಟದವರು. ನಾನು ಟ್ಯೂಬುಗಳನ್ನು ಮೇಜಿನ ಮೇಲೆ ಸುರಿದದ್ದೇ ತಡ, ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು.

"ಮಹಾಲಿಂಗಯ್ಯನವರ ಹಸು ತಾನೇ? ಮೊದಲ್ನೇ ಸಲ ನಾನೇ ಬರ್ಕೊಟ್ಟಿದ್ದು. ಐದು ದಿನ ಬಿಡ್ಬೇಕು, ಬಾವು ಇಳಿದ್ರೂ ನಿಲ್ಲಿಸ್ಬೇಡಿ ಅಂತ ಬಾಯಿ ಬಡ್ಕೊಂಡಿದ್ದೆ. ಆಮೇಲೆ ಮುಖಾನೇ ತೋರಿಸ್ಲಿಲ್ಲ ಮಹರಾಯ. ಎಷ್ಟು ದಿನ ಬಿಟ್ರು?"

"ಪ್ರತಿ ಸಲಾನೂ ಎರಡೇ ದಿನ ಸಾರ್. ಈ ಸಲ ಮಾತ್ರ ಬಾವು ಇಳೀತಾನೇ ಇಲ್ಲ. ಬಿಡ್ತಾನೇ ಇದಾರೆ."

"ಹೆಂಗೆ ಇಳಿಯುತ್ತೆ? ಎರಡು ದಿನಕ್ಕೆ ಸಾಯೋದು ಮೆತ್ತಗಿನ ಕ್ರಿಮಿಗಳು ಕಣಮ್ಮ. ಗಟ್ಟಿಗವು ಉಳ್ಕೊಳ್ತವೆ. ಉಳ್ಕೊಂಡಿದ್ದೇ ಹೆಚ್ತಾ ಹೋಗುತ್ತೆ. ಸಲ ಸಲಾನೂ ಹಿಂಗೆ ಮಾಡಿ ಇವ್ರು ಗಟ್ಟಿಗವುಗಳನ್ನೇ ಆರಿಸಿ ಸಾಕವ್ರೆ. ಈಗ ಅವಕ್ಕೆ ಈ ಔಷಧಿ ಒಂದೇ, ನೀರೂ ಒಂದೇ. ಹಾಲು ಕರೆಯೋ ಕೈ ತೊಳೀದೆ ಇನ್ನೊಂದು ಹಸು ಮುಟ್ಟಿದ್ರೆ ಅದಕ್ಕೂ ಹತ್ತುತ್ತೆ."

"ಮೊಸರು ಯಾಕೆ ಆಗ್ತಿಲ್ಲ ಸಾರ್?"

"ಹೆಪ್ಪಲ್ಲಿ ಇರೋದೂ ಜೀವಾನೇ. ಕಣ್ಣಿಗೆ ಕಾಣಲ್ಲ ಅಷ್ಟೇ. ಕ್ರಿಮಿ ಕೊಲ್ಲೋ ಔಷಧಿ ಹಾಲಿಗಿಳಿದ್ರೆ ಹೆಪ್ಪನ್ನ ಬಿಡುತ್ತಾ? ಯಾರೇ ಹೆಪ್ಪು ಹಾಕಿದ್ರೂ ಆ ಹಾಲು ಮೊಸರಾಗಲ್ಲ."

ಯಾರೇ ಹಾಕಿದರೂ. ಆ ಮಾತನ್ನು ಇನ್ನೊಂದು ಸಲ ಹೇಳಿಸಿ ಕೇಳಿದೆ. ಡಾಕ್ಟರು ಬಾಟಲಿಯನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿ, ಯಾವ ಔಷಧಿ ನಾಟುತ್ತದೆಂದು ತಿಳಿದ ಮೇಲೆ ತಾವೇ ಬರುತ್ತೇನೆ ಎಂದರು.

ಮನೆಗೆ ಬಂದು ತಕ್ಷಣ ಹೇಳಬಹುದಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಸೊಸೆ ತಪ್ಪಿಸಿಕೊಳ್ಳಲು ಕಥೆ ಕಟ್ಟುತ್ತಿದ್ದಾಳೆ ಎನ್ನುತ್ತಿದ್ದರು. ಭಾನುವಾರ ಬರಲಿ ಎಂದು ಹಲ್ಲು ಕಚ್ಚಿಕೊಂಡು ಕಾದೆ. ಮಾವನವರು ದಿನಾ ಟ್ಯೂಬು ಬಿಡುತ್ತಲೇ ಇದ್ದರು, ನಾನು ನೋಡುತ್ತಲೇ ಇದ್ದೆ.

ಭಾನುವಾರ ಒಂಬತ್ತಕ್ಕೆಲ್ಲ ನನ್ನ ಅಪ್ಪ ಗುಂಡಯ್ಯ ತುಮಕೂರಿನಲ್ಲಿ ಬಸ್ಸು ಬದಲಿಸಿ ಬಂದಿಳಿದರು. ಕೈಯಲ್ಲಿ ತೆಂಗಿನಕಾಯಿಯ ಚೀಲ. ಮಗಳನ್ನು ಹೊರಗೆ ಹಾಕುತ್ತಿರುವ ಮನೆಗೆ ಕಾಯಿ ಹೊತ್ತು ತಂದಿದ್ದರು! ಜಗಲಿಯ ತುದಿಯಲ್ಲಿ ತಲೆ ತಗ್ಗಿಸಿ ಕೂತರು. ಅಪ್ಪ ಆ ಥರ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆವತ್ತು ಅತ್ತೆಯ ಬಾಯಿಗಿಂತ ಅಪ್ಪನ ಬಗ್ಗಿದ ತಲೆಯೇ ನನ್ನ ಹೊಟ್ಟೆ ಉರಿಸಿತು. ನನ್ನ ಗಂಡ ಪೇಪರು ಬಿಡಿಸಿಕೊಂಡು ಅದರ ಹಿಂದೆ ಕೂತಿದ್ದರು.

"ಹೋಗ್ತೀನಿ. ಸಾಯಂಕಾಲದ ಬಸ್ಸಿಗೆ ಹೋಗ್ತೀನಿ. ಅಲ್ಲೀವರ್ಗೂ ಎಲ್ರೂ ಕೂತ್ಕೊಳ್ಳಿ. ಸಿದ್ದಗಂಗಮ್ಮನೋರೂ ಬರ್ಲಿ," ಎಂದೆ.

ಸಿದ್ದಗಂಗಮ್ಮ ಕರೆಯುವುದನ್ನೇ ಕಾಯುತ್ತಿದ್ದವರ ಹಾಗೆ ಓಡಿ ಬಂದರು. ಎರಡು ಪಾತ್ರೆಯನ್ನು ಅವರ ಮನೆಯಿಂದಲೇ ತರಿಸಿ ಅವರ ಕೈಯಲ್ಲೇ ತೊಳೆಸಿದೆ. ಹೆಪ್ಪೂ ಅವರದೇ. ಒಂದರಲ್ಲಿ ನಮ್ಮ ಗೌರಿಯ ಹಾಲು, ಇನ್ನೊಂದರಲ್ಲಿ ಹಿಂದಿನ ಬೀದಿಯ ಪುಟ್ಟಗಂಗಮ್ಮನ ಹಸುವಿನ ಹಾಲು. ಎರಡನ್ನೂ ಸಿದ್ದಗಂಗಮ್ಮನೇ ಕಾಯಿಸಿ ಆರಿಸಿದರು.

"ಅತ್ತೆ, ನಮ್ಮ ಹಾಲಿಗೆ ನೀವು ಹೆಪ್ಪು ಹಾಕಿ. ಪುಟ್ಟಗಂಗಮ್ಮನೋರ ಹಾಲಿಗೆ ನಾನು ಹಾಕ್ತೀನಿ. ನಿಮ್ಮ ಪಾತ್ರೆ ಹತ್ರಕ್ಕೂ ನಾನು ಬರಲ್ಲ."

"ಏನ್ ಮಾಟ ಇದು?" ಎಂದರು ಅತ್ತೆ.

"ಹಾಕಿ ಅತ್ತೆ."

ಹಾಕಿದರು. ಪಾತ್ರೆಗಳನ್ನು ನಡುಮನೆಯಲ್ಲಿ ಎಲ್ಲರ ಕಣ್ಣೆದುರಿಗೆ ಇಟ್ಟೆವು. ಬೇಸಿಗೆ ಶುರುವಾಗಿತ್ತು, ಆರೇಳು ಗಂಟೆ ಸಾಕಾಗಿತ್ತು. ಊಟ ಮಾಡಿದರು, ಎಲೆ ಅಡಿಕೆ ಹಾಕಿದರು. ಐದು ಗಂಟೆಗೆ ಸಿದ್ದಗಂಗಮ್ಮ ಮುಚ್ಚಳ ತೆಗೆದರು. ಅತ್ತೆಯ ಪಾತ್ರೆಗೆ ಸೌಟು ಹಾಕಿ ಎತ್ತಿದರೆ ಹಾಲು ಸುರಿಯಿತು. ನನ್ನ ಪಾತ್ರೆಗೆ ಹಾಕಿದರೆ ಸೌಟು ನೆಟ್ಟಗೆ ನಿಂತಿತು.

"ಅಯ್ಯೋ ಶಿವ್ನೇ! ಹೆಂಗೆ ಕಟ್ಕೊಂಡದೆ ನೋಡ್ರವ್ವ!" ಎಂದು ಸಿದ್ದಗಂಗಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡರು.

ಸೆರಗಿನ ಗಂಟು ಬಿಚ್ಚಿ ಹದಿನಾಲ್ಕು ಖಾಲಿ ಟ್ಯೂಬುಗಳನ್ನು ನಡುಮನೆಯಲ್ಲಿ ಸುರಿದೆ. ಮಾವನವರ ಮುಂದೆ ನಾನು ಅದುವರೆಗೆ ಜೋರಾಗಿ ಕೆಮ್ಮಿದವಳೂ ಅಲ್ಲ.

"ಇವು ನಿಮ್ಮವು ಮಾವ. ನೀವು ಹಸೀಗೆ ಬಿಟ್ಟಿದ್ದು. ಈ ಔಷಧಿ ಹಾಲಿಗೆ ಬಂದು ಹೆಪ್ಪು ಸಾಯ್ಸಿದ್ದು. ಐದು ದಿನದ ಔಷಧೀನ ಎರಡು ದಿನಕ್ಕೆ ನಿಲ್ಲಿಸಿ ರೋಗಾನ ಸಾಕ್ದೋರು ನೀವು. ಈಗ ಆ ರೋಗಕ್ಕೆ ಈ ಔಷಧಿ ನಾಟಲ್ಲ ಅಂತವ್ರೆ ಡಾಕ್ಟ್ರು. ಇಷ್ಟು ದಿನ ಬೈಸ್ಕೊಂಡಿದ್ದು ಮಾತ್ರ ನನ್ನ ಕೈ. ನನ್ನ ಕೈ ಏನ್ ಮಾಡಿತ್ತು ಮಾವ ನಿಮಗೆ?"

ಮಾವನವರ ಮುಖ ಕೆಂಪಾಯಿತು. "ನಲ್ವತ್ತು ವರ್ಷದಿಂದ ದನ ಕಟ್ತಿದೀನಿ. ನೆನ್ನೆ ಮೊನ್ನೆ ಬಂದೋಳು ನನಗೆ ಹೇಳ್ಕೊಡ್ತೀಯಾ?" ಎಂದು ಟವೆಲ್ಲು ಕೊಡವಿಕೊಂಡು ಹೊರಗೆ ಹೊರಟುಹೋದರು. ನನ್ನ ಗಂಡ ಪೇಪರು ಕೆಳಗಿಳಿಸಿ ಟ್ಯೂಬುಗಳನ್ನು ನೋಡಿ, ಮತ್ತೆ ಪೇಪರು ಎತ್ತಿಕೊಂಡರು. ಅತ್ತೆ ತಮ್ಮ ಪಾತ್ರೆಯನ್ನೇ ನೋಡುತ್ತ ಕೂತಿದ್ದರು.

ಅಪ್ಪ ಎದ್ದು ನಿಂತರು. ಈಗ ಅವರ ತಲೆ ನೆಟ್ಟಗಿತ್ತು. "ನಡಿಯವ್ವ, ಹೋಗಣ. ಇಂಥ ಮನೇಲಿ ನೀನು ಇರೋದು ಬ್ಯಾಡ."

ನನಗೂ ಹೊರಟುಬಿಡಬೇಕೆನಿಸಿತು. ಆದರೆ ಹೋಗಿಬಿಟ್ಟರೆ ಬೀದಿಯಲ್ಲಿ ಉಳಿಯುವುದು ಸೊಸೆ ತವರಿಗೆ ಹೋದಳು ಎಂಬ ಮಾತು ಮಾತ್ರ.

"ಇಲ್ಲಪ್ಪ. ಹಸೀಗೆ ವಾಸಿ ಆಗ್ಬೇಕು, ಈ ಮನೆ ಹಾಲಲ್ಲೇ ನಾನು ಮೊಸರು ಮಾಡ್ಬೇಕು. ಆಮೇಲೆ ಇರೋದೋ ಬಿಡೋದೋ ನಾನು ಹೇಳ್ತೀನಿ," ಎಂದೆ. ಅಪ್ಪ ಒಬ್ಬರೇ ಹೋದರು. ಕಾಯಿ ಚೀಲವನ್ನು ವಾಪಸು ಒಯ್ದರು.

ಮಾರನೆಯ ದಿನ ಡಾಕ್ಟರು ಬೆಂಗಳೂರಿನ ಕಾಗದ ಹಿಡಿದು ಬಂದರು. ಮಾವನವರು ಬಿಡುತ್ತಿದ್ದ ಔಷಧಿ ಆ ಕ್ರಿಮಿಗಳಿಗೆ ಏನೂ ಮಾಡುವುದಿಲ್ಲ ಎಂದೇ ಬಂದಿತ್ತು. ಬೇರೆ ಇಂಜೆಕ್ಷನ್ನು ಶುರು ಮಾಡಿದರು. "ಐದು ದಿನ. ಒಂದು ದಿನಾನೂ ಕಮ್ಮಿ ಇಲ್ಲ. ಇದನ್ನೂ ಅರ್ಧಕ್ಕೆ ನಿಲ್ಲಿಸಿ ಕೆಡಿಸಿದ್ರೆ ಆಮೇಲೆ ನನ್ನತ್ರ ಏನೂ ಇಲ್ಲ ಕಣಮ್ಮ. ಈ ಐದು ದಿನ, ಆಮೇಲೆ ನಾಲ್ಕು ದಿನ, ಹಾಲೆಲ್ಲ ಚೆಲ್ಲಿಬಿಡಿ," ಎಂದರು.

"ಹಾಲು ಚೆಲ್ಲೋದಾ?" ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಮನೆಗೆ ಕೇಡು ಕಣೇ! ಕರುಗಾದ್ರೂ ಕುಡಿಸು, ಇಲ್ಲಾ ಬೆಕ್ಕಿಗಾದ್ರೂ ಹಾಕು."

"ಯಾರಿಗೂ ಇಲ್ಲ ಅತ್ತೆ."

ತಿಪ್ಪೆಯ ಪಕ್ಕ ಗುಂಡಿ ತೋಡಿ ಎರಡು ಹೊತ್ತೂ ನಾನೇ ಚೆಲ್ಲಿದೆ. ಬಿಳಿ ಹಾಲು ಮಣ್ಣಿಗಿಳಿಯುವುದನ್ನು ನೋಡುವಾಗ ನನಗೂ ಸಂಕಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಸಂಕಟಕ್ಕೂ ಕಾರಣ ಯಾರೆಂದು ನೆನಪಾಗಿ ತಳ ಕಾಣುವವರೆಗೂ ಸುರಿಯುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಬಯ್ಯುತ್ತಿರಲಿಲ್ಲ.

ಮೂರನೇ ದಿನಕ್ಕೆ ಬಾವು ಇಳಿಯಿತು. ಗೌರಿ ಹುಲ್ಲಿಗೆ ಬಾಯಿ ಹಾಕಿತು. ನಾಲ್ಕನೇ ದಿನ ಬೆಳಿಗ್ಗೆ ಡಾಕ್ಟರು ಬರುವ ಹೊತ್ತಿಗೆ ಮಾವನವರು ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತರು.

"ಇಳೀತಲ್ಲ, ಸಾಕು ಬುಡಿ ಡಾಕ್ಟ್ರೇ. ಉಳಿದಿದ್ದು ಇಲ್ಲೇ ಇಟ್ಟೋಗಿ, ಮತ್ತೆ ಬಂದಾಗ ನೋಡ್ಕೊಳನ."

ಇಷ್ಟೆಲ್ಲ ಆದ ಮೇಲೂ! ನನ್ನ ಬಾಯಿಗೆ ಬಂದದ್ದು ಮಾವನವರಿಗೆ ಆಡುವಂಥ ಮಾತಾಗಿರಲಿಲ್ಲ. ಆಡಿಬಿಡುತ್ತಿದ್ದೆ ಕೂಡ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡನ ಪಕ್ಕದಿಂದ ನುಗ್ಗಿ ಒಳಗೆ ಹೋಗಿ ಗೌರಿಯ ಹಗ್ಗವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ನೀವು ಆಚೆಗ್ ಹೋಗಿ ಅಂದ್ರೆ. ಡಾಕ್ಟ್ರೇ, ಬನ್ನಿ, ಚುಚ್ಚಿ," ಎಂದರು.

ಐದನೇ ದಿನವೂ ಹಗ್ಗ ಹಿಡಿದವರು ಅವರೇ. ಆವತ್ತು ಸಂಜೆಯ ಹಾಲನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ಗುಂಡಿಗೆ ಸುರಿದರು. ಸುರಿಯುವಾಗ ಕಣ್ಣಲ್ಲಿ ನೀರಿತ್ತು. ನನಗೆ ಅಯ್ಯೋ ಎನಿಸಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಇನ್ನೂ ಬಂದಿರಲಿಲ್ಲ.

ಗೌರಿ ಬದುಕಿತು. ಆದರೆ ನಾಲ್ಕರಲ್ಲಿ ಒಂದು ಮೊಲೆ ಬತ್ತಿಯೇ ಹೋಯಿತು, ಮತ್ತೆ ಹಾಲು ಬರಲಿಲ್ಲ. ಮೊದಲೇ ಐದು ದಿನ ಪೂರ್ತಿ ಹಾಕಿದ್ದರೆ ಅದೂ ಉಳಿಯುತ್ತಿತ್ತು ಎಂದರು ಡಾಕ್ಟರು. ಹತ್ತನೇ ದಿನ ನಾನು ಹೆಪ್ಪು ಹಾಕಿದೆ. ಮೊಸರು ಮೊದಲಿನ ಹಾಗೆಯೇ ಕಟ್ಟಿಕೊಂಡಿತು.

ಸೋಮವಾರ ಮಠದಿಂದ ಅಡವಿಯಪ್ಪ ಗಡಿಗೆ ಒಯ್ಯಲು ಬಂದ. ಮುಚ್ಚಳ ಸರಿಸಿ ನೋಡಿ, "ಪರ್ವಾಗಿಲ್ವೇ, ಮೊಸ್ರಿನ್ ಮನೆ ಮೊಸ್ರು ವಾಪಸ್ ಬಂತಲ್ಲ!" ಎಂದ. ಅತ್ತೆ ಜಗಲಿಯಲ್ಲಿ ಎದೆಯುಬ್ಬಿಸಿ ನಿಂತರು.

"ನಮ್ ಸೊಸೆ ಕೈಗುಣ ಕಣಪ್ಪ," ಎಂದರು.

ಬೈದಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಇವತ್ತು ನನ್ನ ಕೈಗೆ ಗುಣ ಕೊಡುವವರು ನಾಳೆ ಮತ್ತೆ ಕಿತ್ತುಕೊಳ್ಳುವುದಿಲ್ಲ ಎಂದು ಏನು ಭರವಸೆ? ಎದುರು ಮನೆಯ ಬಾಗಿಲಲ್ಲಿ ಸಿದ್ದಗಂಗಮ್ಮ ಕಿವಿ ನಿಮಿರಿಸಿ ನಿಂತಿದ್ದರು. ಹಿಂದಿನ ಬೀದಿಯ ಪುಟ್ಟಗಂಗಮ್ಮನೂ ಅಲ್ಲೇ ಇದ್ದರು. ಕೈಗುಣ ಸರಿಯಿಲ್ಲ ಎಂದು ಅತ್ತೆ ಸಾರಿದ್ದು ಇದೇ ಜಗಲಿಯಿಂದ. ನಾನು ಗಡಿಗೆಯ ಮೇಲೆ ಕೈಯಿಟ್ಟೆ.

"ಇರಪ್ಪ ಅಡವಿಯಪ್ಪ, ಎತ್ಬೇಡ. ನನ್ನ ಕೈಗುಣ ಅನ್ಬೇಡಿ ಅತ್ತೆ. ನನ್ನ ಕೈಗೆ ಅವತ್ತು ದೋಷಾನೂ ಇರ್ಲಿಲ್ಲ, ಇವತ್ತು ಗುಣಾನೂ ಬಂದಿಲ್ಲ. ಏನಾಗಿತ್ತು ಅಂತ ಹೇಳಿ. ಹೇಳಿದ್ರೆ ಗಡಿಗೆ ಹೋಗುತ್ತೆ."

ಅತ್ತೆ ನನ್ನ ಮುಖ ನೋಡಿದರು. ಒಳಗೆ ಮಾವನವರು ಕೆಮ್ಮಿದರು. ಅಡವಿಯಪ್ಪ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಅತ್ತೆ ನೆಲ ನೋಡಿಕೊಂಡು ಹೇಳಿದರು:

"ಹಸೀಗೆ ನಮ್ ಯಜಮಾನ್ರು ಅರ್ಧಂಬರ್ಧ ಔಷ್ದಿ ಹಾಕಿ ಕೆಡಿಸಿದ್ರು. ಔಷ್ದಿ ಹಾಲಿಗ್ ಬಂದು ಮೊಸ್ರು ಆಗ್ತಿರ್ಲಿಲ್ಲ. ಈ ಸಲ ಪೂರ್ತಿ ಹಾಕ್ಸಿದ್ವಿ, ಹಾಲು ಚೆಲ್ಲಿದ್ವಿ. ಸೊಸೆ ಕೈದೇನೂ ತಪ್ಪಿರ್ಲಿಲ್ಲ."

"ಸ್ವಲ್ಪ ಜೋರಾಗಿ ಹೇಳಿ ಅತ್ತೆ," ಎಂದೆ. "ಎದುರು ಮನೇಗೆ ಕೇಳಿಸ್ಲಿಲ್ಲ."